ಎಂಡಿಗೆ ಜೆಟ್ ಬೇಕಂತೆ, ಸಮರ್ಥನೆ ನಾನು ಬರೆಯಬೇಕಂತೆ

ಲೆಕ್ಕದ_ಪುಸ್ತಕ

ಎಲ್ಲರಿಗೂ ನಮಸ್ಕಾರ. ನಾನು ಮಧ್ಯಮ ಗಾತ್ರದ ಒಂದು ತಯಾರಿಕಾ ಕಂಪನಿಯ ಫೈನಾನ್ಸ್‌ನಲ್ಲಿದ್ದೇನೆ. ಹೋದ ವಾರ ಎಂಡಿ ಕರೆದರು. ಕಂಪನಿಗೆ ಒಂದು ಜೆಟ್ ತಗೊಳ್ಳಬೇಕು, ಮುಂದಿನ ಬೋರ್ಡ್ ಮೀಟಿಂಗ್‌ಗೆ ನಾಲ್ಕು ಪುಟದ ನೋಟ್ ರೆಡಿ ಮಾಡು ಅಂದರು. "ಉಳಿಯುವ ಸಮಯಕ್ಕೆ ಬೆಲೆ ಕಟ್ಟು, ನಂಬರ್ ತಾನಾಗೇ ಬರುತ್ತೆ" ಅಂತ ಸೇರಿಸಿದರು.

ಬಂತು. ಅದೇ ತೊಂದರೆ. ಅವರ ವರ್ಷದ ಸಂಬಳವನ್ನು ಗಂಟೆಗೆ ಭಾಗಿಸಿದೆ. ಒಂದು ಪ್ರಯಾಣಕ್ಕೆ ನಾಲ್ಕು ಗಂಟೆ ಉಳಿಯುತ್ತದೆ ಅಂತ ಇಟ್ಟುಕೊಂಡು ಗುಣಿಸಿದೆ. ಜೆಟ್ ಖರ್ಚಿನ ಹತ್ತರಲ್ಲಿ ಒಂದು ಪಾಲೂ ಆಗಲಿಲ್ಲ. ಆಮೇಲೆ ವಿಮಾನ ಮಾರುವವರ ಒಂದು ಕೈಪಿಡಿ ಸಿಕ್ಕಿತು. ಮುಖ್ಯಸ್ಥರ ಒಂದು ಗಂಟೆಗೆ ಅವರ ಸಂಬಳದ ಹಲವು ಪಟ್ಟು ಬೆಲೆ ಹಾಕಿ ಅಂತ ಅದರಲ್ಲಿದೆ. ಹಲವು ಅಂದ್ರೆ ಎಷ್ಟು? ಆರು ಪಟ್ಟು ಹಾಕಿದರೆ ನಷ್ಟ, ಹದಿನೈದು ಹಾಕಿದರೆ ಲಾಭ. ಇದನ್ನು ಲೆಕ್ಕ ಅನ್ನೋಕೆ ಆಗುತ್ತಾ?

ಕೆಲಸ ಕಳ್ಕೊಳ್ಳದೆ, ಸುಳ್ಳೂ ಬರೆಯದೆ ಈ ನೋಟ್ ಮುಗಿಸಬೇಕು. ನಿಜವಾಗಿ ಜೆಟ್‌ನಿಂದ ವ್ಯವಹಾರಕ್ಕೆ ಲಾಭ ಇದೆಯಾ? ಇದ್ದರೆ ಎಲ್ಲಿದೆ?

ಮೂರನೇ_ಮಹಡಿ

ನಮ್ಮ ಆಫೀಸಿನಲ್ಲಿ ಕಲರ್ ಪ್ರಿಂಟ್ ತೆಗೆಯೋಕೆ ಇಬ್ಬರ ಸಹಿ ಬೇಕು. ಅಂಥ ಕಡೆ ಜೆಟ್ ನೋಟ್ ಬರೆಯೋನ ಕೈ ನಡುಗಲ್ವಾ?

ಸುಮ್ನೆ ಒಂದು ಕಥೆ ನೆನಪಿಸುತ್ತೇನೆ. 2008ರ ನವೆಂಬರ್‌ನಲ್ಲಿ ಅಮೆರಿಕದ ಜಿಎಂ, ಫೋರ್ಡ್, ಕ್ರೈಸ್ಲರ್ ಮೂರೂ ಕಾರು ಕಂಪನಿಗಳ ಮುಖ್ಯಸ್ಥರು ಸರ್ಕಾರದ ನೆರವು ಕೇಳೋಕೆ ಡೆಟ್ರಾಯಿಟ್‌ನಿಂದ ವಾಷಿಂಗ್ಟನ್‌ಗೆ ಹೋದರು. ಕೇಳಿದ್ದು 2,500 ಕೋಟಿ ಡಾಲರ್. ಹೋಗಿದ್ದು ಮೂರು ಬೇರೆ ಬೇರೆ ಜೆಟ್‌ಗಳಲ್ಲಿ. ಸಂಸದರು ಅದನ್ನೇ ಹಿಡಿದು ಜಾಡಿಸಿದರು. ಡಿಸೆಂಬರ್‌ನಲ್ಲಿ ಮತ್ತೆ ಹೋದಾಗ ತಾವೇ ತಯಾರಿಸಿದ ಕಾರುಗಳಲ್ಲಿ ಹೋದರು. ನಿಮ್ಮ ನಾಲ್ಕು ಪುಟದಲ್ಲಿ ಈ ಖರ್ಚು ಯಾವ ಸಾಲಿನಲ್ಲಿ ಬರುತ್ತೆ ಹೇಳಿ.

ಎಡಗಡೆ_ಸೀಟು

ನಾನು ಕಾರ್ಪೊರೇಟ್ ಪೈಲಟ್. 19 ವರ್ಷದಿಂದ ಇದೇ ಕೆಲಸ. ನನ್ನ ಅನ್ನವೇ ಇದು, ಹಾಗಾಗಿ ನನ್ನ ಮಾತನ್ನು ಸ್ವಲ್ಪ ಕಡಿಮೆ ತೂಕಕ್ಕೆ ತಗೊಳ್ಳಿ.

ಎರಡು ದಿನಗಳನ್ನು ಹೇಳುತ್ತೇನೆ. ಎರಡೂ ಒಂದೇ ಕಂಪನಿ, ಒಂದೇ ವಿಮಾನ.

ಮೊದಲನೆಯದು. ಬೆಳಗ್ಗೆ 6:10ಕ್ಕೆ ಹೊರಟೆವು. ಉತ್ಪಾದನಾ ಮುಖ್ಯಸ್ಥೆ, ಕ್ವಾಲಿಟಿಯ ಇಬ್ಬರು, ಒಬ್ಬ ಮೆಷಿನ್ ತಂತ್ರಜ್ಞ. ಅವನ ಕಾಲ ಬಳಿ ಒಂದು ಮರದ ಪೆಟ್ಟಿಗೆ, ಅದರಲ್ಲಿ ಒಂದು ಬೇರಿಂಗ್. ಮೂರು ಸಣ್ಣ ಊರುಗಳಲ್ಲಿ ಮೂರು ಘಟಕ. ಯಾವ ಊರಿಗೂ ನೇರ ವಿಮಾನ ಇಲ್ಲ. ಪ್ರತಿ ಕಡೆ ಎರಡೆರಡು ಗಂಟೆ ನಿಂತು, ರಾತ್ರಿ 8ಕ್ಕೆ ವಾಪಸ್. ಮಾಮೂಲಿ ವಿಮಾನ ಮತ್ತು ರಸ್ತೆಯಲ್ಲಿ ಹೋಗಿದ್ದರೆ ನಾಲ್ಕು ದಿನ, ನಾಲ್ಕು ಜನ. ಅದಕ್ಕಿಂತ ಮುಖ್ಯ ಅಂದ್ರೆ, ನಿಂತಿದ್ದ ಒಂದು ಉತ್ಪಾದನಾ ಲೈನ್ ಅದೇ ಮಧ್ಯಾಹ್ನ ಶುರುವಾಯಿತು.

ಎರಡನೆಯದು. ಎರಡು ದೊಡ್ಡ ನಗರಗಳ ಮಧ್ಯೆ. ಗಂಟೆಗೊಂದು ವಿಮಾನ ಇರುವ ದಾರಿ. ಎಂಟು ಸೀಟಿನ ಜೆಟ್‌ನಲ್ಲಿ ಒಬ್ಬರೇ. ಬೆಳಗ್ಗೆ 7ಕ್ಕೆ ಇಳಿಸಿದೆವು. ಸಂಜೆ 5ಕ್ಕೆ ಬರ್ತೀನಿ ಅಂದವರು 8:40ಕ್ಕೆ ಬಂದರು. ಅಷ್ಟೊತ್ತಿಗೆ ನಮ್ಮ ಡ್ಯೂಟಿ ಟೈಮ್ ಮುಗಿಯುತ್ತಾ ಬಂದಿತ್ತು. ಹಾರಿದರೆ ಮಿತಿ ದಾಟುತ್ತೆ. "ಆಗಲ್ಲ ಸಾರ್" ಅಂದೆ. ಅವರು ನನ್ನ ಮುಖ ನೋಡದೆ ಮೊಬೈಲ್ ತೆಗೆದು 9:50ರ ಮಾಮೂಲಿ ವಿಮಾನಕ್ಕೆ ಟಿಕೆಟ್ ಮಾಡಿದರು. ಮಾರನೇ ದಿನ ಜೆಟ್ ಖಾಲಿ ವಾಪಸ್ ಬಂತು.

ಮೊದಲ ದಿನಕ್ಕೆ ಸಮರ್ಥನೆ ಬೇಕಾಗಿಲ್ಲ. ಎರಡನೇ ದಿನಕ್ಕೆ ಯಾವ ಸಮರ್ಥನೆಯೂ ಸಾಲದು. ತೊಂದರೆ ಏನಂದ್ರೆ, ವರ್ಷದ ಕೊನೆಯಲ್ಲಿ ಎರಡೂ ಸೇರಿ "ಹಾರಿದ ಗಂಟೆ" ಅನ್ನೋ ಒಂದೇ ನಂಬರ್ ಆಗುತ್ತೆ.

ಟಿಕೆಟ್_ಡೆಸ್ಕ್

ನಾನು ಹನ್ನೊಂದು ವರ್ಷ ಕಂಪನಿಯೊಂದರ ಟ್ರಾವೆಲ್ ಡೆಸ್ಕಿನಲ್ಲಿದ್ದೆ. @ಲೆಕ್ಕದ_ಪುಸ್ತಕ, ಸಂಬಳ ಭಾಗಿಸೋದನ್ನು ಬಿಟ್ಟುಬಿಡಿ. ನಾಲ್ಕು ಗಂಟೆ ಉಳಿಯಿತು ಅಂತ ಎಂಡಿಗೆ ಯಾರೂ ಸಂಬಳ ಕಡಿಮೆ ಕೊಡಲ್ಲ. ಆ ನಾಲ್ಕು ಗಂಟೆ ಕಂಪನಿಯ ಖಾತೆಗೆ ಬರಲ್ಲ. ಮನೆಗೆ ಬೇಗ ಹೋಗ್ತಾರೆ. ಒಳ್ಳೇದೇ, ಹೋಗಲಿ. ಆದರೆ ಅದು ಆದಾಯ ಅಲ್ಲ.

ಕಳೆದ ಒಂದು ವರ್ಷದ ಪ್ರಯಾಣದ ಪಟ್ಟಿ ತೆಗೆಸಿ. ಎಂಡಿಯದ್ದು ಮಾತ್ರ ಅಲ್ಲ, ಎಲ್ಲರದ್ದೂ. ಪ್ರತಿ ಸಾಲಿನ ಮುಂದೆ ಮೂರು ಪ್ರಶ್ನೆ. ನೇರ ವಿಮಾನ ಇತ್ತಾ? ಎಷ್ಟು ಜನ ಒಟ್ಟಿಗೆ ಹೋದರು? ರಾತ್ರಿ ಉಳಿದಿದ್ದು ಕೆಲಸಕ್ಕೋ, ಬರೀ ವಾಪಸ್ ಬರೋಕೆ ವಿಮಾನ ಇಲ್ಲ ಅಂತಲೋ?

ನಾಲ್ಕನೇ ಪ್ರಶ್ನೆಗೆ ಪಟ್ಟಿಯಲ್ಲಿ ಉತ್ತರ ಸಿಗಲ್ಲ, ಕೇಳಿಯೇ ತಿಳ್ಕೋಬೇಕು. ಹೋಗಬೇಕಿತ್ತು, ಆದರೆ ಹೋಗೋದೇ ಕಷ್ಟ ಅಂತ ಬಿಟ್ಟ ಪ್ರಯಾಣ ಎಷ್ಟು? ಜೆಟ್‌ಗೆ ನಿಜವಾದ ಸಮರ್ಥನೆ ಏನಾದರೂ ಇದ್ದರೆ ಅದು ಈ ಬಿಟ್ಟುಹೋದ ಪ್ರಯಾಣಗಳಲ್ಲಿದೆ.

ಗಾಳಿಪಟ77

@ಟಿಕೆಟ್_ಡೆಸ್ಕ್ ಹೇಳಿದ್ದಕ್ಕೆ ಸರಿಯಾದ ಉದಾಹರಣೆ ಸ್ಯಾಮ್ ವಾಲ್ಟನ್. ಅಮೆರಿಕದ ವಾಲ್‌ಮಾರ್ಟ್ ಅಂಗಡಿಗಳನ್ನು ಕಟ್ಟಿದವರು. ಜೆಟ್‌ಗೀಟ್ ಏನಲ್ಲ, ಎರಡು ಸೀಟಿನ ಎರ್ಕೂಪ್ ಅನ್ನೋ ಹಳೇ ಪುಟ್ಟ ವಿಮಾನವನ್ನು 1950ರ ದಶಕದಲ್ಲಿ 1,850 ಡಾಲರ್‌ಗೆ ಕೊಂಡರು. ತಾವೇ ಓಡಿಸುತ್ತಿದ್ದರು. ಅಂಗಡಿಗಳೆಲ್ಲ ಸಣ್ಣ ಊರುಗಳಲ್ಲಿ, ರಸ್ತೆಯಲ್ಲಿ ಸುತ್ತಿದರೆ ವಾರವೇ ಹೋಗುತ್ತೆ. ಹೊಸ ಅಂಗಡಿಗೆ ಜಾಗ ಹುಡುಕುವಾಗ ಊರಿನ ಮೇಲೆ ತಗ್ಗಿನಲ್ಲಿ ಹಾರಿ, ಯಾವ ರಸ್ತೆಯಲ್ಲಿ ವಾಹನ ಜಾಸ್ತಿ, ಊರು ಯಾವ ಕಡೆ ಬೆಳೀತಿದೆ ಅಂತ ಮೇಲಿಂದಲೇ ನೋಡುತ್ತಿದ್ದರು.

ಅಲ್ಲಿ ವಿಮಾನ ಅಂದ್ರೆ ಒಂದು ಕೆಲಸದ ಸಾಧನ, ಗುದ್ದಲಿ ಇದ್ದ ಹಾಗೆ. ಮಹಾ ಜಿಪುಣ ಅಂತ ಹೆಸರಾದ ಮನುಷ್ಯ ಅವರು, ಆದರೂ ಇದಕ್ಕೆ ದುಡ್ಡು ಬಿಚ್ಚಿದರು.

ಹಳೇ_ಆಡಿಟರ್

ಜಿಪುಣರ ಮಾತು ಬಂದಿದ್ದರಿಂದ ಇನ್ನೊಬ್ಬರನ್ನು ಸೇರಿಸುತ್ತೇನೆ. ಅಮೆರಿಕದ ಹೂಡಿಕೆದಾರ ವಾರೆನ್ ಬಫೆಟ್ ವರ್ಷಗಟ್ಟಲೆ ಕಾರ್ಪೊರೇಟ್ ಜೆಟ್‌ಗಳನ್ನು ಆಡಿಕೊಂಡವರು. 1986ರಲ್ಲಿ 8.5 ಲಕ್ಷ ಡಾಲರ್‌ಗೆ ಒಂದು ಹಳೇ ಜೆಟ್ ಕೊಂಡರು. 1989ರಲ್ಲಿ ಅದನ್ನು ಮಾರಿ 67 ಲಕ್ಷ ಡಾಲರ್‌ಗೆ ಇನ್ನೊಂದು ತಗೊಂಡರು. ಷೇರುದಾರರಿಗೆ ಬರೆದ ಪತ್ರದಲ್ಲಿ ತಮ್ಮನ್ನು ತಾವೇ ಗೇಲಿ ಮಾಡಿಕೊಂಡರು. ವಿಮಾನಕ್ಕೆ ಇಟ್ಟ ಹೆಸರು "ಸಮರ್ಥಿಸಲಾಗದ್ದು". ಆಮೇಲೆ ಅದನ್ನು "ಬಿಟ್ಟಿರಲಾಗದ್ದು" ಅಂತ ಬದಲಾಯಿಸಿದರು. 1998ರಲ್ಲಿ ಜೆಟ್‌ಗಳ ಪಾಲು ಮಾರುವ ನೆಟ್‌ಜೆಟ್ಸ್ ಕಂಪನಿಯನ್ನೇ 72.5 ಕೋಟಿ ಡಾಲರ್‌ಗೆ ಕೊಂಡುಬಿಟ್ಟರು. ಹೆಸರು ಬದಲಾಯಿಸಿದಷ್ಟು ಸುಲಭವಾಗಿ ಎಲ್ಲರಿಗೂ ನೋಟ್ ಬರೆಯೋಕೆ ಆಗಿದ್ದರೆ ಈ ಚರ್ಚೆಯೇ ಬೇಕಿರಲಿಲ್ಲ.

ಈಗ ಕೆಲಸದ ಮಾತು. ನಿಮ್ಮ ಎಂಡಿ "ಜೆಟ್ ತಗೊಳ್ಳೋಣ" ಅಂದಿದ್ದಾರೆ. ತಗೊಳ್ಳೋದು ಅಂದ್ರೆ ನಾಲ್ಕು ಥರ. ಒಂದೊಂದು ಹಾರಾಟಕ್ಕೂ ಬಾಡಿಗೆಗೆ ಪಡೆಯೋದು. 25 ಅಥವಾ 50 ಗಂಟೆ ಮೊದಲೇ ಕೊಂಡಿಟ್ಟುಕೊಳ್ಳುವ ಜೆಟ್ ಕಾರ್ಡ್. ಒಂದು ವಿಮಾನದಲ್ಲಿ ಪಾಲು ಕೊಳ್ಳೋದು. ಪೂರ್ತಿ ವಿಮಾನ ಕೊಳ್ಳೋದು. ಪಾಲಿನ ಪದ್ಧತಿಯನ್ನು 1986ರಲ್ಲಿ ಶುರು ಮಾಡಿದ್ದು ಇದೇ ನೆಟ್‌ಜೆಟ್ಸ್‌ನವರು. ಒಂದು ವಿಮಾನ ವರ್ಷಕ್ಕೆ 800 ಗಂಟೆ ಹಾರುತ್ತೆ ಅನ್ನೋದು ಅದರ ಲೆಕ್ಕ. ಹದಿನಾರನೇ ಒಂದು ಪಾಲು ಕೊಂಡರೆ 50 ಗಂಟೆ ನಿಮ್ಮದು. ಪೂರ್ತಿ ವಿಮಾನಕ್ಕೆ ವರ್ಷಕ್ಕೆ 200, 250 ಗಂಟೆಯಾದರೂ ಹಾರಿಸಬೇಕು ಅಂತ ಈ ಲೈನ್‌ನವರು ಸಾಮಾನ್ಯವಾಗಿ ಹೇಳುತ್ತಾರೆ. ಯಾಕಂದ್ರೆ ಹಾರಲಿ, ಹಾರದಿರಲಿ, ಪೈಲಟ್ ಸಂಬಳ, ಹ್ಯಾಂಗರ್, ವಿಮೆ, ತರಬೇತಿ ಯಾವುದೂ ನಿಲ್ಲಲ್ಲ. ಶೆಡ್‌ನಲ್ಲಿ ನಿಂತ ವಿಮಾನ ದುಡ್ಡು ತಿಂತಾನೇ ಇರುತ್ತೆ.

ನಿಮ್ಮದು ವರ್ಷಕ್ಕೆ ಎಷ್ಟು ಗಂಟೆ? ಈ ಒಂದು ಉತ್ತರ ಸಿಕ್ಕರೆ ನಾಲ್ಕರಲ್ಲಿ ಮೂರು ಆಯ್ಕೆ ತಾವೇ ಬಿದ್ದುಹೋಗುತ್ತವೆ.

ಲೆಕ್ಕದ_ಪುಸ್ತಕ

ಗಂಟೆ ಇನ್ನೂ ಲೆಕ್ಕ ಹಾಕಿಲ್ಲ. ಎಂಡಿ ಇನ್ನೆರಡು ಪಾಯಿಂಟ್ ಸೇರಿಸು ಅಂದಿದ್ದಾರೆ. ಒಂದು ಭದ್ರತೆ, ಇನ್ನೊಂದು ಗೌಪ್ಯತೆ. "ವಿಮಾನದಲ್ಲಿ ಪಕ್ಕದ ಸೀಟಿನವನು ನನ್ನ ಲ್ಯಾಪ್‌ಟಾಪ್ ನೋಡ್ತಾನೆ" ಅಂತ.

ಮೂರನೇ_ಮಹಡಿ

ಸ್ಕ್ರೀನ್‌ಗೆ ಹಚ್ಚೋ ಪ್ರೈವಸಿ ಫಿಲ್ಮ್ ಸಿಗುತ್ತೆ. ಅದಕ್ಕಾದರೆ ಇಬ್ಬರ ಸಹಿಯೂ ಬೇಕಾಗಲ್ಲ.

ಎಡಗಡೆ_ಸೀಟು

😀 ಫಿಲ್ಮ್ ಸರಿ, ಆದರೆ ಆ ಪಾಯಿಂಟ್‌ನಲ್ಲಿ ಸತ್ಯ ಇದೆ. ಕಂಪನಿ ಕೊಳ್ಳುವ ಮಾತುಕತೆಗೆ ಆರು ಜನ ಹೊರಟಾಗ ದಾರಿಯಲ್ಲೇ ಕೂತು ಬಾಯಿ ಬಿಟ್ಟು ಮಾತಾಡಬಹುದು. ಮಾಮೂಲಿ ವಿಮಾನದಲ್ಲಿ ಅದು ಆಗದ ಮಾತು. ಇನ್ನೊಂದು ಕಡೆಯೂ ಇದೆ ಅನ್ನಿ. ಪೂರ್ತಿ ತಂಡ ನನ್ನ ಹಿಂದೆ ಕೂತಿದ್ದು ನೂರಾರು ಸಲ ನೋಡಿದ್ದೇನೆ. ಹೋಗುವಾಗ ಕೆಲಸ ಮಾಡುತ್ತಾರೆ. ಬರುವಾಗ ಹತ್ತು ನಿಮಿಷಕ್ಕೆ ಎಲ್ಲರೂ ನಿದ್ದೆ. "ಹಾರುವ ಆಫೀಸು" ಅಂತ ಬರೆದರೆ ಅರ್ಧ ನಿಜ.

ಹಳೇ_ಆಡಿಟರ್

ಗೌಪ್ಯತೆ ಬಗ್ಗೆ ಹುಷಾರು. ಇವತ್ತಿನ ವಿಮಾನಗಳು ಎಡಿಎಸ್-ಬಿ ಅನ್ನೋ ಸಾಧನದಿಂದ ತಾವು ಎಲ್ಲಿದ್ದೇವೆ ಅಂತ ತಾವೇ ಕೂಗಿ ಹೇಳುತ್ತಾ ಹೋಗುತ್ತವೆ. ಕಡಿಮೆ ಬೆಲೆಯ ರಿಸೀವರ್ ಇದ್ದವರೂ ಕೇಳಬಹುದು. 2019ರ ಏಪ್ರಿಲ್‌ನಲ್ಲಿ ಆಕ್ಸಿಡೆಂಟಲ್ (Occidental) ಪೆಟ್ರೋಲಿಯಂ ಅನ್ನೋ ತೈಲ ಕಂಪನಿಯ ಜೆಟ್ ಒಮಾಹಾದಲ್ಲಿ ಇಳಿದಿದ್ದನ್ನು ಷೇರು ವಿಶ್ಲೇಷಕರು ಹಿಡಿದರು. ಒಮಾಹಾ ಅಂದ್ರೆ ಬಫೆಟ್ ಊರು. ಎರಡೇ ದಿನದಲ್ಲಿ ಬಫೆಟ್ ಆ ಕಂಪನಿಗೆ 1,000 ಕೋಟಿ ಡಾಲರ್ ಹಾಕುವ ಸುದ್ದಿ ಬಂತು. ಮಾಮೂಲಿ ಟಿಕೆಟ್‌ನಲ್ಲಿ ಹೋಗಿದ್ದರೆ ಯಾರಿಗೂ ಸುಳಿವು ಸಿಗುತ್ತಿರಲಿಲ್ಲ.

ಭದ್ರತೆಯನ್ನು ಸುಮ್ನೆ ಒಂದು ಸಾಲು ಬರೆದು ಮುಗಿಸಬೇಡಿ. ಅದಕ್ಕೆ ಹೊರಗಿನವರಿಂದ ಅಧ್ಯಯನ ಮಾಡಿಸಬೇಕು. ಬೆದರಿಕೆ ಇದೆಯಾ, ಎಲ್ಲಿಂದ, ಯಾರಿಗೆ ಅಂತ ಅವರು ಬರೆದು ಕೊಡಬೇಕು. ಬೋರ್ಡ್ ಅದನ್ನು ಒಪ್ಪಬೇಕು. ಮೆಟಾ ಥರದ ಕಂಪನಿಗಳು ತಮ್ಮ ಮುಖ್ಯಸ್ಥರ ವಿಮಾನದ ಖರ್ಚನ್ನು ಭದ್ರತೆಯ ಜೊತೆಗೇ ವರ್ಷವರ್ಷ ಬಹಿರಂಗವಾಗಿ ತೋರಿಸುತ್ತವೆ. ಅಷ್ಟು ಪರಿಚಿತ ಮುಖ ನಿಮ್ಮ ಎಂಡಿಯದ್ದಾ?

ಒಂದೇ ವಿಮಾನದಲ್ಲಿ ಎಷ್ಟು ಜನ ಹಿರಿಯರು ಹೋಗಬಹುದು ಅನ್ನೋ ನಿಯಮವನ್ನೂ ಬರೆಯಿರಿ. 2014ರ ಅಕ್ಟೋಬರ್‌ನಲ್ಲಿ ಟೋಟಲ್ ತೈಲ ಕಂಪನಿಯ ಮುಖ್ಯಸ್ಥ ಕ್ರಿಸ್ಟೋಫ್ ದ ಮಾರ್ಜೆರಿ ಮಾಸ್ಕೋದಲ್ಲಿ ತೀರಿಕೊಂಡರು. ಅವರ ಫಾಲ್ಕನ್ 50 ಟೇಕಾಫ್ ಆಗುವಾಗ ರನ್‌ವೇಗೆ ಬಂದಿದ್ದ ಹಿಮ ತೆಗೆಯುವ ವಾಹನಕ್ಕೆ ಬಡಿಯಿತು. ಅವತ್ತು ಕಂಪನಿಯ ಪ್ರಯಾಣಿಕರಲ್ಲಿ ಇದ್ದಿದ್ದು ಅವರೊಬ್ಬರೇ.

ಹಸಿರು_ಪೆನ್ನು

ಇಷ್ಟು ಹೊತ್ತಾದರೂ ಹೊಗೆಯ ಮಾತೇ ಬಂದಿಲ್ಲ. 2024ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ 2023ರಲ್ಲಿ ಖಾಸಗಿ ವಿಮಾನಗಳಿಂದ ಬಂದ ಇಂಗಾಲದ ಡೈಆಕ್ಸೈಡ್ ಸುಮಾರು 1.56 ಕೋಟಿ ಟನ್. 2019ಕ್ಕೆ ಹೋಲಿಸಿದರೆ 46% ಜಾಸ್ತಿ. ಹೆಚ್ಚುಕಮ್ಮಿ ಅರ್ಧ ಹಾರಾಟಗಳು 500 ಕಿ.ಮೀ. ಒಳಗಿನವು! ನಿಮ್ಮ ಕಂಪನಿ ವಾರ್ಷಿಕ ವರದಿಯಲ್ಲಿ ಹಸಿರು ಗುರಿ ಅಂತ ಏನಾದರೂ ಬರೆದಿದ್ದರೆ ಅದನ್ನೂ ಜೆಟ್ ನೋಟನ್ನೂ ಪಕ್ಕಪಕ್ಕ ಇಟ್ಟು ಓದಿ.

ಎಡಗಡೆ_ಸೀಟು

@ಹಸಿರು_ಪೆನ್ನು ಅಲ್ಲಗಳೆಯಲ್ಲ. ಗಲ್ಫ್‌ಸ್ಟ್ರೀಮ್ ಜಿ650 ಥರದ ದೊಡ್ಡ ಜೆಟ್ ಗಂಟೆಗೆ 1,700 ಲೀಟರ್ ಆಸುಪಾಸು ಕುಡಿಯುತ್ತೆ. ಆದರೆ ಎಲ್ಲ ಖಾಸಗಿ ವಿಮಾನವೂ ಅದಲ್ಲ. ಪಿಲಾಟಸ್ ಪಿಸಿ-12 ಒಂದೇ ಎಂಜಿನ್ನಿನ ಟರ್ಬೊಪ್ರಾಪ್, ಅಂದ್ರೆ ಜೆಟ್ ಥರದ ಎಂಜಿನ್ ಮುಂದಿನ ಫ್ಯಾನ್ ತಿರುಗಿಸುವ ವಿಮಾನ. ಗಂಟೆಗೆ 250 ಲೀಟರ್ ಒಳಗೆ. ಮುಂದೆ ಫ್ಯಾನ್ ತಿರುಗೋದು ಕಾಣುತ್ತೆ ಅನ್ನೋದೊಂದೇ ಅದರ ಅಪರಾಧ. ಆ ಫ್ಯಾನ್ ನೋಡಿ ಮುಖ ಗಂಟಿಕ್ಕಿದ ಎಷ್ಟೋ ಜನರನ್ನು ಕಂಡಿದ್ದೇನೆ.

@ಲೆಕ್ಕದ_ಪುಸ್ತಕ, ನಿಮ್ಮ ಎಂಡಿ ಯಾವ ವಿಮಾನ ಅಂತ ಹೇಳಿದ್ದಾರಾ? ನಿಮ್ಮ ಘಟಕಗಳ ಹತ್ತಿರದ ರನ್‌ವೇ ಎಷ್ಟು ಉದ್ದ ಅಂತ ನೋಡಿದ್ದೀರಾ?

ಲೆಕ್ಕದ_ಪುಸ್ತಕ

ಒಂದೇ ಸಲ ಎಲ್ಲ ಹೇಳೋಣ ಅಂತ ಹತ್ತು ದಿನ ಸುಮ್ಮನಿದ್ದೆ. ಪಟ್ಟಿ ಮಾಡಿದೆ.

ಹೋದ 12 ತಿಂಗಳಲ್ಲಿ ಹಿರಿಯ ಸಿಬ್ಬಂದಿಯ ಪ್ರಯಾಣ ಒಟ್ಟು 146. ಅದರಲ್ಲಿ 97 ದೊಡ್ಡ ನಗರಗಳ ಮಧ್ಯೆ. ದಿನಕ್ಕೆ ನಾಲ್ಕೈದಾದರೂ ನೇರ ವಿಮಾನ ಇರುವ ದಾರಿಗಳು. ಎಂಡಿಯ ಪ್ರಯಾಣಗಳಲ್ಲಿ ಎರಡು ಬಿಟ್ಟು ಉಳಿದಿದ್ದೆಲ್ಲ ಈ 97ರಲ್ಲೇ ಇವೆ.

ಉಳಿದ 49 ನಮ್ಮ ನಾಲ್ಕು ಘಟಕಗಳಿಗೆ. ಹೋಗಿದ್ದು ಎಂಜಿನಿಯರ್‌ಗಳು, ಕ್ವಾಲಿಟಿಯವರು, ಕೆಲವು ಸಲ ಗ್ರಾಹಕರನ್ನು ಕರೆದುಕೊಂಡು ಸೇಲ್ಸ್‌ನವರು. ಬಹುತೇಕ ಮೂರು ನಾಲ್ಕು ಜನ ಒಟ್ಟಿಗೆ. ಅದರಲ್ಲಿ 31 ಸಲ ರಾತ್ರಿ ಉಳಿದಿದ್ದು ಬರೀ ವಾಪಸ್ ಬರೋ ದಾರಿ ಇಲ್ಲ ಅಂತ. ಬಿಟ್ಟುಹೋದ ಪ್ರಯಾಣದ ಬಗ್ಗೆಯೂ ಕೇಳಿದೆ. ನಿರ್ವಹಣೆಯ ಮುಖ್ಯಸ್ಥ ಡ್ರಾಯರ್‌ನಿಂದ ಒಂದು ಡೈರಿ ತೆಗೆದರು. ಘಟಕದಲ್ಲಿ ಲೈನ್ ನಿಂತು, ಇಲ್ಲಿಂದ ಜನ ಹೋಗಿ ತಲುಪುವ ತನಕ ಕಾದಿದ್ದನ್ನು ಪೆನ್ಸಿಲ್‌ನಲ್ಲಿ ಬರೆದಿಟ್ಟಿದ್ದಾರೆ. ಒಂಬತ್ತು ಸಲ. ಒಂದೊಂದಕ್ಕೂ ಒಂದೂವರೆ ಎರಡು ದಿನ. ಇದನ್ನು ಯಾರೂ ಅವರನ್ನು ಕೇಳೇ ಇರಲಿಲ್ಲವಂತೆ. ಆ ಒಂಬತ್ತು ನಿಲುಗಡೆಯ ನಷ್ಟ ಲೆಕ್ಕ ಹಾಕಿದೆ. ನನ್ನ ಎಂಡಿ ಸಂಬಳದ ಗುಣಾಕಾರಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಬಂತು, ಯಾವ ಪಟ್ಟನ್ನೂ ನಾನು ಹಾಕದೆ.

ಗಂಟೆ ಲೆಕ್ಕ: ಘಟಕದ ಪ್ರಯಾಣಗಳನ್ನು ಮಾತ್ರ ಹಾರಿಸಿದರೆ, ಒಂದೇ ದಿನದ್ದನ್ನು ಜೋಡಿಸಿ, ಖಾಲಿ ಹಾರಾಟವೂ ಸೇರಿ ವರ್ಷಕ್ಕೆ 90 ಚಿಲ್ಲರೆ ಗಂಟೆ. ವಿಮಾನ ಕೊಳ್ಳುವಷ್ಟು ಖಂಡಿತ ಅಲ್ಲ.

ಇನ್ನು ರನ್‌ವೇ. @ಎಡಗಡೆ_ಸೀಟು, ನೀವು ಕೇಳಿದ್ದಕ್ಕೆ ಥ್ಯಾಂಕ್ಸ್. ಎಂಡಿ ಕೇಳಿದ್ದು ದೊಡ್ಡ ಕ್ಯಾಬಿನ್ ಜೆಟ್, ಎದ್ದು ನಿಂತು ಓಡಾಡಬಹುದಾದಂಥದ್ದು. ನಾಲ್ಕು ಘಟಕಗಳಲ್ಲಿ ಮೂರರ ಹತ್ತಿರದ ರನ್‌ವೇ 1,200 ಮೀಟರ್ ಅಥವಾ ಅದಕ್ಕಿಂತ ಕಡಿಮೆ.

ಎಡಗಡೆ_ಸೀಟು

ಅಂದುಕೊಂಡಿದ್ದೆ.

ಜಿ650ಗೆ ಪೂರ್ತಿ ಭಾರದಲ್ಲಿ ಏರೋಕೆ ಸುಮಾರು 1,790 ಮೀಟರ್ ಬೇಕು. ಸಣ್ಣ ದಾರಿಗೆ ಇಂಧನ ಕಡಿಮೆ ಹಾಕಿದರೆ ಅಷ್ಟು ಬೇಡ, ನಿಜ. ಆದರೆ ಇಳಿಯುವ ಲೆಕ್ಕವೂ ಇದೆ. ಯುರೋಪಿನ ನಿಯಮದಲ್ಲಿ ಬಾಡಿಗೆಗೆ ಹಾರುವ ಜೆಟ್, ರನ್‌ವೇ ಉದ್ದದ 60% ಒಳಗೆ ನಿಲ್ಲುತ್ತೆ ಅಂತ ಹೊರಡುವ ಮೊದಲೇ ತೋರಿಸಬೇಕು. 1,200ರಲ್ಲಿ 60% ಅಂದ್ರೆ 720 ಮೀಟರ್, ದೊಡ್ಡ ಜೆಟ್‌ಗೆ ಅದು ಸಾಲದು. ಟರ್ಬೊಪ್ರಾಪ್‌ಗೆ 70%, ಅಂದ್ರೆ 840. ಪಿಸಿ-12 ಸುಮಾರು 660 ಮೀಟರ್‌ನಲ್ಲಿ ಇಳಿದು ನಿಲ್ಲುತ್ತೆ, ಅದೂ ರನ್‌ವೇ ಅಂಚಿನಲ್ಲಿ 15 ಮೀಟರ್ ಎತ್ತರದಿಂದ ಲೆಕ್ಕ ಹಿಡಿದು. ಬಿಸಿಲು ಜಾಸ್ತಿ ಇದ್ದರೆ, ಊರು ಎತ್ತರದಲ್ಲಿದ್ದರೆ, ರನ್‌ವೇ ಒದ್ದೆಯಾಗಿದ್ದರೆ ಎಲ್ಲವೂ ಇನ್ನೂ ಉದ್ದವಾಗುತ್ತೆ. ಆ ಲೆಕ್ಕವನ್ನು ವಿಮಾನ ಬಾಡಿಗೆಗೆ ಕೊಡುವವರ ಹತ್ತಿರ ಬರೆಸಿಕೊಳ್ಳಿ.

ವೇಗ ಕಡಿಮೆ ಅಂತ ಯಾರಾದರೂ ಅಂದರೆ, 400 ಕಿ.ಮೀ.ಗೆ ಜೆಟ್‌ಗೂ ಇದಕ್ಕೂ ಇಪ್ಪತ್ತು ನಿಮಿಷದ ವ್ಯತ್ಯಾಸ ಅಷ್ಟೆ. ಜೆಟ್‌ನಲ್ಲಿ ಬಂದು ದೂರದ ದೊಡ್ಡ ರನ್‌ವೇಯಲ್ಲಿ ಇಳಿದರೆ ಆಮೇಲೆ ಕಾರಿನಲ್ಲಿ ಎರಡು ಗಂಟೆ.

ಗಾಳಿಪಟ77

ಅಂದ್ರೆ ಸಮರ್ಥನೆ ಇರುವ ಕಡೆ ಅವರಿಗೆ ಬೇಕಾದ ಜೆಟ್ ಇಳಿಯಲ್ಲ, ಆ ಜೆಟ್ ಇಳಿಯುವ ಕಡೆ ಸಮರ್ಥನೆ ಇಲ್ಲ. ಇದನ್ನು ಎಂಡಿ ಮುಂದೆ ಹೇಳೋರು ಯಾರು?

ಹಳೇ_ಆಡಿಟರ್

@ಲೆಕ್ಕದ_ಪುಸ್ತಕ, ನೀವೇ ಹೇಳಬೇಕು, ಬರವಣಿಗೆಯಲ್ಲಿ. ಎರಡು ಭಾಗ ಮಾಡಿ. ಘಟಕಗಳ ಪ್ರಯಾಣಕ್ಕೆ ಟರ್ಬೊಪ್ರಾಪ್ ಬಾಡಿಗೆ ಒಪ್ಪಂದ, ಲಾಭ ನಷ್ಟದ ಪೂರ್ತಿ ಲೆಕ್ಕದ ಜೊತೆ. ಎಂಡಿಯ ನಗರ ಪ್ರಯಾಣಕ್ಕೆ ಬೇರೆ ಪುಟ. ಅಲ್ಲಿ ಖರ್ಚು ಮಾತ್ರ ಬರೆಯಿರಿ, "ಉಳಿಯುವ ಸಮಯದ ಬೆಲೆ" ಅನ್ನೋ ಸಾಲು ಬೇಡ. ಅದು ಅವರ ಸೌಲಭ್ಯ. ಕೊಡಬೇಕು ಅನ್ನಿಸಿದರೆ ಬೋರ್ಡ್ ಕೊಡಲಿ, ಸಂಬಳದ ಭಾಗ ಅಂತ ಕರೆದೇ ಕೊಡಲಿ. ಅದರಲ್ಲಿ ತಪ್ಪೇನಿಲ್ಲ.

ಪ್ರತಿ ಹಾರಾಟಕ್ಕೂ ಪುಸ್ತಕ ಇಡಿ. ಯಾರು ಹತ್ತಿದರು, ಎಲ್ಲಿಂದ ಎಲ್ಲಿಗೆ, ಯಾಕೆ, ಖಾಲಿ ಬಂತಾ. ಅಮೆರಿಕದಲ್ಲಿ ಲಿಸ್ಟೆಡ್ ಕಂಪನಿಗಳ ಮುಖ್ಯಸ್ಥರ ಸವಲತ್ತು ಒಟ್ಟು 10,000 ಡಾಲರ್ ಮುಟ್ಟಿದರೆ ಬಹಿರಂಗ ಮಾಡಬೇಕು, ಜೆಟ್‌ನ ಸ್ವಂತ ಬಳಕೆಯೂ ಅದರಲ್ಲೇ ಬರುತ್ತೆ. ಡೇವಿಡ್ ಯರ್ಮಾಕ್ ಅನ್ನೋ ಪ್ರೊಫೆಸರ್ ಇಂಥ ದಾಖಲೆಗಳನ್ನೇ ಕೆದಕಿ 2006ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಸಿಇಒಗೆ ವಿಮಾನದ ಸ್ವಂತ ಬಳಕೆ ಕೊಟ್ಟಿದ್ದನ್ನು ತೋರಿಸಿದ ಕಂಪನಿಗಳ ಷೇರು ವರ್ಷಕ್ಕೆ 4%ಗಿಂತ ಜಾಸ್ತಿ ಹಿಂದೆ ಬಿದ್ದಿದ್ದವು. ಜೆಟ್‌ನಿಂದಲೇ ಬಿದ್ದವು ಅಂತ ಇದರ ಅರ್ಥ ಅಲ್ಲ. ವಿಮಾನದ ಖರ್ಚು ಅಷ್ಟು ದೊಡ್ಡದೂ ಇರಲ್ಲ. ಮುಖ್ಯಸ್ಥರನ್ನು ಬೋರ್ಡ್ ಏನೂ ಕೇಳದ ಕಂಪನಿಗಳಲ್ಲಿ ಇಂಥದ್ದು ಜಾಸ್ತಿ ಇರುತ್ತೆ ಅಂತ ನಾನು ಓದಿಕೊಳ್ಳುತ್ತೇನೆ.

ಲೆಕ್ಕದ_ಪುಸ್ತಕ

ಇವತ್ತು ಎಂಡಿಗೆ ಡ್ರಾಫ್ಟ್ ಕೊಟ್ಟೆ. ಮೊದಲ ಭಾಗ ಓದಿ ತಲೆಯಾಡಿಸಿದರು. ನಿರ್ವಹಣೆಯವರ ಪೆನ್ಸಿಲ್ ಪುಟದ ಫೋಟೋ ಹಾಕಿದ್ದೆ. ಅದನ್ನು ಸ್ವಲ್ಪ ಹೊತ್ತು ನೋಡಿದರು. ಮೂರು ತಿಂಗಳ ಟರ್ಬೊಪ್ರಾಪ್ ಬಾಡಿಗೆ ಪ್ರಯೋಗಕ್ಕೆ ಬೋರ್ಡ್ ಒಪ್ಪಿಗೆ ಕೇಳೋಣ ಅಂದರು.

ಎರಡನೇ ಭಾಗದ ಪುಟ ತಿರುವಿ ಹಾಕಿ, ಹಾರಾಟದ ಪುಸ್ತಕದ ಮಾದರಿಗೆ ಬಂದರು. ಕೊನೆಯ ಕಾಲಂ ಮೇಲೆ ಬೆರಳಿಟ್ಟರು. "ಇದೇನು, ಸ್ವಂತ ಕೆಲಸ ಅಂತ?"

"ಯಾರಾದರೂ ಸ್ವಂತ ಕೆಲಸಕ್ಕೆ ಹತ್ತಿದರೆ ಅಲ್ಲಿ ಟಿಕ್ ಮಾಡಬೇಕು ಸಾರ್."

"ಇದು ಇರಲೇಬೇಕಾ?"

ಮೂರನೇ_ಮಹಡಿ

ಏನಂದ್ರಿ?

ಲೆಕ್ಕದ_ಪುಸ್ತಕ

"ಕಲರ್ ಪ್ರಿಂಟ್ ರಿಜಿಸ್ಟರ್‌ನಲ್ಲೂ ಇದೆ ಸಾರ್" ಅಂದೆ. ನಮ್ಮಲ್ಲೂ ಇದೆ ಆ ರಿಜಿಸ್ಟರ್. ಕಾಲಂ ಸದ್ಯಕ್ಕೆ ಉಳಿದಿದೆ.